ಕೆಂಚಪ್ಪನ ಹೆಸರಿನಲ್ಲಿ ಜವರಪ್ಪನ ನೌಕರಿ

ಸರ್ಕಾರಿ ದಫ್ತರವನ್ನು ನಂಬುವುದಾದರೆ, ಹಳೇಬೀಡು ಹೋಬಳಿಯ ಸಂಪಿಗೆಕಟ್ಟೆಯಲ್ಲಿ ಕೆಂಚಪ್ಪ ಎಂಬ ನೀರಗಂಟಿ 1938ರಲ್ಲಿ ಕೆಲಸಕ್ಕೆ ಸೇರಿ 2002ರವರೆಗೆ ಒಂದು ದಿನವೂ ತಪ್ಪಿಸದೆ ದುಡಿದಿದ್ದಾನೆ. ಒಟ್ಟು ಅರವತ್ನಾಲ್ಕು ವರ್ಷ. ಅದರಲ್ಲಿ ಕೊನೆಯ ಹತ್ತೊಂಬತ್ತು ವರ್ಷ ಅವನು ಬದುಕಿರಲಿಲ್ಲ ಎಂಬುದು ಊರಿಗೆಲ್ಲ ಗೊತ್ತಿತ್ತು. ದಫ್ತರಕ್ಕೆ ಮಾತ್ರ ಯಾರೂ ಹೇಳಿರಲಿಲ್ಲ.

ಆ ಹತ್ತೊಂಬತ್ತು ವರ್ಷ ಕೆರೆಯಿಂದ ನೀರು ಬಿಡುವ ತೂಬು ಎತ್ತಿ ಇಳಿಸಿದವನು ಕೆಂಚಪ್ಪನ ಮಗ ಜವರಪ್ಪ. ಈ ಕಥೆ ಅವನದು.

ನೀರಗಂಟಿ ಎಂದರೆ ಕೆರೆಯ ನೀರನ್ನು ಸರದಿಯ ಪ್ರಕಾರ ಗದ್ದೆಗಳಿಗೆ ಹಂಚುವವನು. ಮಹಾರಾಜರ ಕಾಲದಲ್ಲಿ, ಅವರ ತಲೆಯ ಮೇಲೆ ಇಂಗ್ಲಿಷರು ಕೂತಿದ್ದ ಆ ಕಾಲದಲ್ಲಿ, ಹಳ್ಳಿಯವರ ಕಣ್ಣಿಗೆ ಕಾಣುತ್ತಿದ್ದ ಸರ್ಕಾರವೆಂದರೆ ಊರ ಚಾಕರಿಯ ತೋಟಿ, ಕಾವಲಿನ ತಳವಾರ ಮತ್ತು ನೀರಗಂಟಿ, ಇಷ್ಟೇ. ತಾಲ್ಲೂಕಿನ ಅಮಲ್ದಾರರು ವರ್ಷಕ್ಕೊಮ್ಮೆ ಕುದುರೆ ಏರಿ ಬಂದು ಹೋಗುತ್ತಿದ್ದರು. ಉಳಿದ ದಿನಗಳಲ್ಲಿ ಸರ್ಕಾರ ಬರಿಗಾಲಲ್ಲಿ ಓಡಾಡುತ್ತಿತ್ತು. ಕೆಲಸ ಮನೆತನದ್ದು, ತಂದೆಯಿಂದ ಮಗನಿಗೆ. ಪ್ರತಿಫಲ ಕಂದಾಯವಿಲ್ಲದ ಒಂದು ತುಂಡು ಉಂಬಳಿ ಭೂಮಿ, ಸುಗ್ಗಿಯಲ್ಲಿ ಕಣದ ಅಂಚಿಗೆ ನಿಂತರೆ ಒಂದೊಂದು ಮೊರ ಭತ್ತ. ಮುಂದೆ ಈ ಹುದ್ದೆಗಳೆಲ್ಲ ರದ್ದಾದವು. ಕೆಲಸ ರದ್ದಾಗಲಿಲ್ಲ. ಅದೇ ಮನೆಗಳ ಅದೇ ಜನರನ್ನು ಗ್ರಾಮ ಸಹಾಯಕರು ಎಂಬ ಹೊಸ ಹೆಸರಿನಲ್ಲಿ ಇಟ್ಟುಕೊಂಡು, ಅದೇ ಬರಿಗಾಲಲ್ಲಿ ಓಡಾಡಿಸಿದರು.

ಕೆಂಚಪ್ಪ ತೀರಿಕೊಂಡದ್ದು 1983ರ ಶ್ರಾವಣದಲ್ಲಿ. ಕೆರೆ ತುಂಬಿತ್ತು. ಜವರಪ್ಪನಿಗೆ ಹದಿನೆಂಟು. ತಿಥಿ ಮುಗಿಸಿ ಮಾರನೆಯ ದಿನ ಚಾವಡಿಯ ಮುಂದೆ ಹೋಗಿ ನಿಂತ. ಊರಿಗೆ ಹೊಸದಾಗಿ ಬಂದಿದ್ದ ಗ್ರಾಮ ಲೆಕ್ಕಿಗ ಪುಸ್ತಕ ತೆರೆದು "ಕೆಂಚಪ್ಪಾ" ಎಂದು ಕೂಗಿದ. ಅಪ್ಪ ಇಲ್ಲ ಎಂದರೆ ಆ ಹೆಸರಿನ ಮೇಲೆ ಗೆರೆ ಎಳೆಯುತ್ತಾರೆ; ನಿನ್ನೆ ತಾನೇ ಪಿಂಡ ಇಟ್ಟ ಕೈಯಲ್ಲಿ ಅಪ್ಪನ ಹೆಸರನ್ನೂ ಅಳಿಸಬೇಕೇ ಎನ್ನಿಸಿತು ಜವರಪ್ಪನಿಗೆ. ಕೆಲಸ ಮನೆಯದಲ್ಲವೇ, ಮನೆಯ ಪರವಾಗಿ ತಾನು ಬಂದಿದ್ದೇನಲ್ಲ! "ಬಂದಿವ್ನಿ ಸ್ವಾಮಿ" ಎಂದ.

ಹಾಗೆ ಶುರುವಾದದ್ದು ಹತ್ತೊಂಬತ್ತು ವರ್ಷ ನಡೆಯಿತು. ಏಳನೇ ಕ್ಲಾಸು ಓದಿ ಮುತ್ತಿನಂಥ ಅಕ್ಷರ ಬರೆಯುತ್ತಿದ್ದವನು, ಅಪ್ಪ ಹೆಬ್ಬೆಟ್ಟು ಒತ್ತುತ್ತಿದ್ದನೆಂಬ ಕಾರಣಕ್ಕೆ ತಾನೂ ಹೆಬ್ಬೆಟ್ಟು ಒತ್ತಿದ. ಇದು ಅವನೊಬ್ಬನ ತಪ್ಪಲ್ಲ. ಸುತ್ತಲಿನ ಹಳ್ಳಿಗಳಲ್ಲಿ ಅಪ್ಪನ ಹೆಸರಿಗೆ ಓಗೊಟ್ಟು ದುಡಿದ ಇನ್ನೂ ಹತ್ತು ಜನರಿದ್ದರು. 2002ರಲ್ಲಿ ಯಾರೋ ಫೋಟೊ ಅಂಟಿಸಿದ ಗುರುತಿನ ಚೀಟಿ ಬೇಕೆಂದಾಗ ಎಲ್ಲರ ನಿಜವಾದ ಹೆಸರೂ ಹೊರಬಿದ್ದು, ಎಲ್ಲರೂ ಒಂದೇ ದಿನ ಹೊಸದಾಗಿ ಕೆಲಸಕ್ಕೆ ಸೇರಿದವರಂತೆ ದಾಖಲಾದರು.

ಅದರ ಏಟು ಗೊತ್ತಾದದ್ದು ಈಗ, ಜವರಪ್ಪನಿಗೆ ಅರವತ್ತು ತುಂಬುವ ವರ್ಷ. ಹಳೇ ಹುದ್ದೆಗಳ ಮನೆತನದವರಿಗೆ ಹೊಸದೊಂದು ಆದೇಶ ಬಂದಿತ್ತು. ಮೂವತ್ತು ವರ್ಷ ಸೇವೆ ಮಾಡಿದವರಿಗೆ ಬದುಕಿರುವವರೆಗೆ ತಿಂಗಳ ಪಿಂಚಣಿ, ಆಮೇಲೆ ಹೆಂಡತಿಗೆ. ಅದಕ್ಕಿಂತ ಕಡಿಮೆ ಇದ್ದವರಿಗೆ ಒಂದೇ ಸಲ ಗಂಟು ಪರಿಹಾರ. ದಫ್ತರದ ಪ್ರಕಾರ ಜವರಪ್ಪನ ಸೇವೆ ಇಪ್ಪತ್ಮೂರು ವರ್ಷ. ಎತ್ತಿದ ತೂಬಿನ ಪ್ರಕಾರ ನಲವತ್ತೆರಡು.

ಎರಡು ತಾಲ್ಲೂಕಿನವರನ್ನು ಸೇರಿಸಿ ಅರಸೀಕೆರೆಯಲ್ಲಿ ಮಾತುಕತೆಗೆ ಕರೆದರು. ಹನ್ನೊಂದು ಜನರ ಪರವಾಗಿ ಮಾತಾಡಲು ಜವರಪ್ಪನೇ ಆಗಬೇಕೆಂದು ಎಲ್ಲರೂ ಹಿಡಿದುಕೊಂಡರು. ಬಸ್ಸಿನಲ್ಲಿ ಪಕ್ಕ ಕೂತವನು ಮೇಲ್ಕಟ್ಟೆಯ ಗಿಡ್ಡಯ್ಯ. ಸಂಪಿಗೆಕಟ್ಟೆ ಕೆರೆಗೆ ನೀರು ಬರುವುದೇ ಮೇಲ್ಕಟ್ಟೆ ಕೆರೆ ತುಂಬಿ ಕೋಡಿ ಬಿದ್ದ ಮೇಲೆ. ಹಾಗಾಗಿ ಕೆರೆಗಳಂತೆ ಈ ಇಬ್ಬರು ನೀರಗಂಟಿಗಳದೂ ಹರೆಯದಿಂದ ಬಂದ ಸಂಬಂಧ. ಗಿಡ್ಡಯ್ಯ ಅಕ್ಷರ ಕಲಿತವನಲ್ಲ, ಜೋರಾಗಿ ಮಾತಾಡಿದವನೂ ಅಲ್ಲ.

"ಗಂಟು ಕೊಟ್ರೆ ಈಸ್ಕೊಂಡ್ ಬಂದ್ಬುಡಾಣ ಕಣ್ಲಾ ಜವರ. ಕೊಡೋದೇ ದೊಡ್ಡದು" ಎಂದ.

"ಗಂಟು ಕೊಡೋದು ಕೂಲಿಯವ್ನಿಗೆ. ಪಿಂಚಣಿ ಕೊಡೋದು ನೌಕರ್ನಿಗೆ. ನಾವೇನು, ಯೋಳು?"

ಗಿಡ್ಡಯ್ಯ ಕಿಟಕಿಯ ಕಡೆ ತಿರುಗಿದ. ಬಾಣಾವರ ಬರುವವರೆಗೂ ಯೋಚನೆ ಮಾಡಿ "ನೌಕರ್ರೇ ಕಣಪ್ಪ" ಎಂದ.

ಸಭೆಯಲ್ಲಿ ಕೂತಿದ್ದ ಹಿರಿಯ ಅಧಿಕಾರಿ ಹೇಮಲತಾ. ಮುಖ ಸಿಂಡರಿಸದೆ ಕೇಳಿಸಿಕೊಳ್ಳುವ ಹೆಂಗಸು. ಆದರೆ ಕಾಗದವಿಲ್ಲದ ಮಾತು ಅವರ ಕಿವಿಯೊಳಗೆ ಇಳಿಯುತ್ತಿರಲಿಲ್ಲ.

"ನೋಡಿ ಜವರಪ್ಪ, ನೀವು ಹೇಳೋದು ಸುಳ್ಳು ಅಂತ ನಾನು ಹೇಳ್ತಿಲ್ಲ. ಆದರೆ ಪುಸ್ತಕದಲ್ಲಿ ಕೆಂಚಪ್ಪ ಅಂತ ಇದೆ. ಕೆಂಚಪ್ಪ ಬಂದು ಕೇಳಿದರೆ ಪಿಂಚಣಿ ಕೊಡಬಹುದು."

"ಅವ್ನು ಬರೋ ಅಂಗಿದ್ರೆ ನಾನೇ ಕರ್ಕೊಂಡ್ ಬತ್ತಿದ್ದೆ ಅಮ್ಮಾವ್ರೆ. ಹೆಬ್ಬೆಟ್ಟು ನಂದು. ಸಂಬಳದ ರಸೀದಿ ತೆಗೆದು ನೋಡಿ."

ರಸೀದಿಗಳ ಗತಿಯನ್ನು ಹೇಳಿದವನು ದಾಖಲೆ ಕೋಣೆಯ ಗುಮಾಸ್ತ ಮಧುಕುಮಾರ್. ಗೆದ್ದಲು ಅವನ್ನು ತಿಂದು ಮುಗಿಸಿ ಈಗ ಕಪಾಟನ್ನು ತಿನ್ನುತ್ತಿತ್ತು.

ಹೇಮಲತಾ ಪೆನ್ನು ಕೆಳಗಿಟ್ಟರು. "ನಿಮ್ಮೊಬ್ಬರದು ಬೇಕಾದರೆ ವಿಶೇಷ ಪ್ರಕರಣ ಅಂತ ಬರೆದು ಕಳಿಸಬಹುದು. ನಿಮ್ಮನ್ನ ಎಲ್ಲರೂ ಬಲ್ಲರು. ಉಳಿದವರು ಗಂಟು ತಗೊಳ್ಳಲಿ."

ಬೇರೆ ಯಾರಾದರೂ ಆಗಿದ್ದರೆ ಬಾಯಲ್ಲಿ ನೀರೂರುತ್ತಿತ್ತು. ಜವರಪ್ಪನಿಗೆ ಸಿಟ್ಟೇ ಬಂತು. ನಲವತ್ತೆರಡು ವರ್ಷ ಅವನು ಮಾಡಿದ್ದು ಒಂದೇ ಕೆಲಸ: ಮೊದಲ ಗದ್ದೆಗೆಷ್ಟೋ ಕೊನೆಯ ಗದ್ದೆಗೂ ಅಷ್ಟು. "ಒಬ್ಬನ ಗದ್ದೆಗೆ ನೀರು ತಿರುಗ್ಸಿ ಮನೆಗೋಗೋ ನೀರಗಂಟಿ ನಾನಲ್ಲ ಅಮ್ಮಾವ್ರೆ" ಎಂದು ಎದ್ದು ನಿಂತ. "ಹನ್ನೊಂದೂ ಜನಕ್ಕೆ ಕೊಡಿ, ಇಲ್ಲಾಂದ್ರೆ ಹನ್ನೊಂದೂ ಜನ ಎದ್ದೋಯ್ತೀವಿ. ಯಾವ ಕಾಗದ ತರಬೇಕು, ಅದ ಯೋಳಿ."

ಮಾತು ಮಧ್ಯಾಹ್ನದ ಊಟದ ಹೊತ್ತನ್ನೂ ದಾಟಿತು. ಕಡೆಗೆ ಹೇಮಲತಾ ಒಪ್ಪಿದ್ದು ಇಷ್ಟು: ಆ ವರ್ಷಗಳಲ್ಲಿ ಸರ್ಕಾರಿ ಮುದ್ರೆ ಬಿದ್ದ ಯಾವುದಾದರೂ ಒಂದು ಕಾಗದದಲ್ಲಿ ಮನುಷ್ಯನ ಸ್ವಂತ ಹೆಸರು, ಅವನು ಮಾಡುತ್ತಿದ್ದ ಕೆಲಸ, ಎರಡೂ ಇರಬೇಕು. ಇದ್ದರೆ ಆ ತಾರೀಖಿನಿಂದ ಸೇವೆ ಹಿಡಿಯುತ್ತಾರೆ. ಪಟ್ಟಿ ಮುಂದಿನ ಶುಕ್ರವಾರ ಮುಚ್ಚುತ್ತದೆ.

ಮನೆಗೆ ಬಂದು ಹೇಳಿದಾಗ ಹೆಂಡತಿ ಪುಟ್ಟಗೌರಮ್ಮ ರಾಗಿ ಮುದ್ದೆ ತಿರುವುತ್ತಿದ್ದವಳು ಕೋಲು ನಿಲ್ಲಿಸಿದಳು. "ಅದ್ಕೇನಂತೆ, ಟ್ರಂಕಿನ ತಳದಾಗೆ ಐತಲ್ಲ ನಿಮ್ಮ ಕಾಗ್ದ. ಮುದ್ರೆನೂ ಐತೆ."

"ಅದರ ಸುದ್ದಿ ಎತ್ತಬ್ಯಾಡ" ಎಂದು ಜವರಪ್ಪ ಗದರಿದ. ಆ ಕಾಗದ ಹೊರಗೆ ಬರುವುದಾದರೆ ತನ್ನ ಪಿಂಚಣಿಯೇ ಬೇಡ ಎಂದುಕೊಂಡಿದ್ದ. ಅದರಲ್ಲೇನಿತ್ತೆಂಬುದು ಗಂಡ ಹೆಂಡತಿ ಇಬ್ಬರಿಗೇ ಗೊತ್ತಿತ್ತು. ಇನ್ನೊಂದು ಕಾಗದ ಎಲ್ಲಿ ಸಿಗಬಹುದೆಂದು ಅವನಿಗೆ ಆಗಲೇ ಹೊಳೆದಿತ್ತು. ಆದರೆ ಅದಕ್ಕಾಗಿ ಚನ್ನಪ್ಪನವರ ಮನೆ ಮೆಟ್ಟಿಲು ಹತ್ತಬೇಕಿತ್ತು.

ಚನ್ನಪ್ಪ ತೂಬಿನ ಬಾಯಿಗೇ ಗದ್ದೆ ಇದ್ದ ದೊಡ್ಡ ಹಿಡುವಳಿದಾರರು, ಈಗ ಎಂಬತ್ತೈದು. 1984ರಲ್ಲಿ ಕೆರೆ ಅರ್ಧವೇ ತುಂಬಿದ್ದಾಗ ತಮ್ಮ ಕಬ್ಬಿಗೆ ಎರಡು ಸರದಿ ಹೆಚ್ಚು ನೀರು ಬಿಡೆಂದು ಹೇಳಿದ್ದರು. ಮೊದಲು ಪ್ರೀತಿಯಿಂದ, ಆಮೇಲೆ ಗದರಿ, ಕಡೆಗೆ ನೂರರ ನೋಟು ಹಿಡಿದು. ಹತ್ತೊಂಬತ್ತರ ಹುಡುಗ ತೂಬಿನ ಕಲ್ಲಿನ ಮೇಲೆ ಕೂತವನು ಅಲ್ಲಾಡಲಿಲ್ಲ. ನೀರು ಕಟ್ಟಕಡೆಯ ಗದ್ದೆಗೆ ಹೋಯಿತು. ಚನ್ನಪ್ಪ ಮೇಲಕ್ಕೆ ದೂರು ಬರೆದರು, ವಿಚಾರಣೆಯಾಯಿತು, ದೂರು ಬಿದ್ದುಹೋಯಿತು. ತನಗೆ ಬಂದ ನೋಟೀಸನ್ನು ಜವರಪ್ಪ ಸಿಟ್ಟಿನಲ್ಲಿ ಹರಿದು ಕಾಲುವೆಗೆ ಬಿಟ್ಟಿದ್ದ. ಅಂದಿನಿಂದ ಇಬ್ಬರಿಗೂ ಮಾತಿಲ್ಲ.

ಜಗುಲಿಯಲ್ಲಿ ಕೂತಿದ್ದ ಮುದುಕರು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದರು. "ಯಾರು? ಕೆಂಚನ ಮಗನಾ? ಏನ್ಲಾ, ದಾರಿ ತಪ್ಪಿ ಬಂದ್ಯಾ?"

"ದಾರಿ ಸರ್ಯಾಗೇ ಬಂದಿವ್ನಿ ಗೌಡ್ರೆ. ನನ್ ಮ್ಯಾಲೆ ನೀವು ಕೊಟ್ಟಿದ್ ದೂರು ಬೇಕಾಗಿತ್ತು."

ಚನ್ನಪ್ಪನವರಿಗೆ ಕಿವಿ ಚೆನ್ನಾಗಿತ್ತು. ಆದರೂ ಇನ್ನೊಮ್ಮೆ ಹೇಳಿಸಿಕೊಂಡರು. ವಿಷಯ ತಿಳಿದ ಮೇಲೆ ಬಾಯಿ ತುಂಬ ನಕ್ಕರು, ಕೆಮ್ಮು ಬರುವಷ್ಟು. ಒಳಗಿನಿಂದ ತಗಡಿನ ಪೆಟ್ಟಿಗೆ ತರಿಸಿದರು. ಸರ್ಕಾರಕ್ಕೆ ಬರೆದ ಒಂದೊಂದು ಕಾಗದವನ್ನೂ ನಕಲು ಮಾಡಿ ಮುದ್ರೆ ಹಾಕಿಸಿ ಇಟ್ಟಿದ್ದ ಮನುಷ್ಯ. ದೂರು ಸಿಕ್ಕಿತು, ಜವರಪ್ಪನೇ ಗಟ್ಟಿಯಾಗಿ ಓದಿದ:

"ಸದರಿ ನೀರಗಂಟಿ ಜವರಪ್ಪ ಬಿನ್ ಕೆಂಚಪ್ಪ ಎಂಬುವನು ದೊಡ್ಡವರ ಮಾತಿಗೂ ಬಗ್ಗದೆ, ಹಣಕ್ಕೂ ಬಗ್ಗದೆ, ಹೆದರಿಕೆಗೂ ಬಗ್ಗದೆ ತನ್ನ ಮನಸ್ಸಿಗೆ ಬಂದಂತೆ ಕಟ್ಟಕಡೆಯ ಹಿಡುವಳಿಗಳಿಗೆ ನೀರು ಹಾಯಿಸುತ್ತಿರುತ್ತಾನೆ..."

ಓದಿ ನಿಲ್ಲಿಸಿದ. ಅಪ್ಪ ಮಗನ ಎಂಬತ್ತೇಳು ವರ್ಷದ ಚಾಕರಿಗೆ ಇಂಥ ಸರ್ಟಿಫಿಕೇಟು ಯಾವ ಅಧಿಕಾರಿಯೂ ಬರೆದಿರಲಿಲ್ಲ. ಚನ್ನಪ್ಪನವರೂ ನಗು ನಿಲ್ಲಿಸಿದ್ದರು.

"ಒಳ್ಳೇದಾಗ್ಲಿ ಅಂತ ಬರೆದಿದ್ದಲ್ಲ ಕಣಯ್ಯ" ಎಂದರು. "ನಿನ್ನ ಕೆಲ್ಸ ಕಳೀಬೇಕು ಅಂತ್ಲೇ ಬರ್ದಿದ್ದೆ. ತಗೊಂಡೋಗು. ಬೇಕಾದ್ರೆ ನಾನೂ ಬಂದು ಯೋಳ್ತೀನಿ." ಏಕವಚನ ಬಿಟ್ಟಿರಲಿಲ್ಲ, ಆದರೆ 'ಕಣಯ್ಯ' ಎಂದದ್ದು ಜವರಪ್ಪನಿಗೆ ಕೇಳಿಸಿತು. ಆ ದಿನ ಕೆರೆ ಏರಿಯ ಮೇಲೆ ನಡೆದು ಬರುವಾಗ ಅವನು ಎದೆ ಸ್ವಲ್ಪ ಮುಂದಕ್ಕೆ ಹಾಕಿಯೇ ನಡೆದ. ಯಾರಾದರೂ ನೋಡಿದರೆ ನೋಡಲಿ ಎಂದುಕೊಂಡ.

ಉಪಾಯ ಸಿಕ್ಕಿತ್ತು. ಊರೂರಿಗೆ ಫೋನು ಹೋಯಿತು: ನಿಮ್ಮ ಮೇಲೆ ದೂರು ಕೊಟ್ಟವರನ್ನು ಹುಡುಕಿ! ಮುಂದಿನ ನಾಲ್ಕು ದಿನ ಆ ಹಳ್ಳಿಗಳಲ್ಲಿ ನಡೆದದ್ದು ನೋಡಬೇಕಿತ್ತು. ಅರವತ್ತರ ಆಸುಪಾಸಿನ ಗಂಡಸರು ಬಿಳಿ ಪಂಚೆ ಉಟ್ಟು, ಕೈಯಲ್ಲಿ ಬಾಳೆಹಣ್ಣು ಹಿಡಿದು, ಹಳೇ ವೈರಿಗಳ ಮನೆ ಬಾಗಿಲು ತಟ್ಟಿದರು. ಹುಲಿಕೆರೆ ಕಡೆಯ ಒಬ್ಬ ತಳವಾರನಿಗೆ ಮೂರು ದೂರು ಸಿಕ್ಕಿ, ಯಾವುದನ್ನು ಕೊಡುವುದೆಂದು ತಿಳಿಯದೆ ಮೂರನ್ನೂ ಮಡಿಚಿ ಜೇಬಿಗೆ ಹಾಕಿಕೊಂಡ. ಗಂಡಸಿ ಕಡೆಯ ಒಬ್ಬನ ಮೇಲೆ ದೂರು ಕೊಟ್ಟಿದ್ದು ಸ್ವಂತ ಭಾವಮೈದ. ಬೈದಾಡಿಕೊಂಡು, ಮಧ್ಯೆ ಕಾಫಿ ಕುಡಿದು, ಮತ್ತೆ ಬೈದಾಡಿ, ಕಾಗದ ಈಸಿಕೊಂಡು ಬಂದ. ನೆಟ್ಟಗೆ ಕೆಲಸ ಮಾಡಿದವನ ಮೇಲೆ ಯಾರಾದರೊಬ್ಬರು ದೂರು ಕೊಟ್ಟೇ ಇರುತ್ತಾರೆಂದು ಜವರಪ್ಪ ಹೇಳಿದ್ದು ಹತ್ತು ಜನರ ಮಟ್ಟಿಗೆ ನಿಜವಾಯಿತು.

ಹನ್ನೊಂದನೆಯವನು ಗಿಡ್ಡಯ್ಯ.

ಗಿಡ್ಡಯ್ಯ ಯಾರಿಗೂ ಇಲ್ಲ ಅಂದವನಲ್ಲ. ಕೇಳಿದವರಿಗೆಲ್ಲ ಒಂದು ಗಳಿಗೆ ಹೆಚ್ಚು ನೀರು ಬಿಟ್ಟು ಎಲ್ಲರ ಬಾಯಲ್ಲೂ ಒಳ್ಳೆಯವನಾಗಿದ್ದ. ಅವನ ಊರಿನವರಲ್ಲಿ ಒಬ್ಬನೂ ದೂರು ಬರೆದಿರಲಿಲ್ಲ. ದಫ್ತರದಲ್ಲಿದ್ದದ್ದು ಅವನಪ್ಪ ದ್ಯಾವಯ್ಯನ ಹೆಸರು. 2002ರವರೆಗೆ ಗಿಡ್ಡಯ್ಯನೂ ಸತ್ತ ಅಪ್ಪನಾಗಿಯೇ ಓಗೊಟ್ಟಿದ್ದ.

"ಒಂದೇ ಒಂದು ದೂರು ಬಂದಿತ್ತು ಕಣ್ಲಾ" ಎಂದ ಗಿಡ್ಡಯ್ಯ, ಗುರುವಾರ ಸಂಜೆ ಜವರಪ್ಪನ ಜಗುಲಿಯಲ್ಲಿ ಕೂತು. "ತೊಂಬತ್ತೊಂದ್ರಾಗೆ. ಕೋಡಿಗೆ ಮಣ್ಣಿನ ಮೂಟೆ ಅಡ್ಡ ಇಟ್ಟವ್ನೆ ಅಂತ. ಸಾಹೇಬ್ರು ಬಂದು ಮೂರ್ ತಿಂಗಳ ಸಂಬಳ ಹಿಡಿದ್ರಲ್ಲ, ಹಸ ಮಾರ್ದೆ. ಅದು ನಿಮ್ಮೂರ ಆ ತಿರುಪತಯ್ಯಂದೇ ಕೆಲ್ಸ. ಸತ್ತೋದ, ಪಾಪಿ. ಬದುಕಿದ್ರೆ ಇವತ್ತು ಅವ್ನ ಕಾಲಿಗಾದ್ರೂ ಬಿದ್ದು ಕಾಗ್ದ ಈಸ್ಕತಿದ್ದೆ."

ಜವರಪ್ಪ ಉಗುರಿನಿಂದ ಜಗುಲಿಯ ಗಾರೆ ಕೆರೆಯುತ್ತಿದ್ದ. ಅಡುಗೆ ಮನೆಯ ಬಾಗಿಲಲ್ಲಿ ಪುಟ್ಟಗೌರಮ್ಮ ಗಂಡನನ್ನೇ ನೋಡುತ್ತ ನಿಂತಿದ್ದಳು.

ಆ ದೂರನ್ನು ಬರೆದವನು ತಿರುಪತಯ್ಯನಲ್ಲ. ಆ ವರ್ಷ ಮೇಲ್ಕಟ್ಟೆಯವರು ಕೇಳಿದರೆಂದು ಗಿಡ್ಡಯ್ಯ ಕೋಡಿಗೆ ಮೂಟೆ ಅಡ್ಡ ಹಾಕಿ ಎಲ್ಲ ನೀರನ್ನೂ ಹಿಡಿದುಕೊಂಡಿದ್ದ. ಕೆಳಗೆ ಸಂಪಿಗೆಕಟ್ಟೆಯಲ್ಲಿ ಪೈರು ಹಳದಿಯಾಗುತ್ತಿತ್ತು. ಜವರಪ್ಪ ಎರಡು ಸಲ ಹೋಗಿ ಹೇಳಿದ್ದ. ಗಿಡ್ಡಯ್ಯ ಹೂಂ ಅಂದಿದ್ದ, ಮೂಟೆ ತೆಗೆದಿರಲಿಲ್ಲ. ಮೂರನೆಯ ಸಲ ಜವರಪ್ಪ ಸ್ನೇಹಿತನ ಮನೆಗೆ ಹೋಗದೆ ಕಚೇರಿಗೆ ಹೋಗಿ, ತನ್ನ ಮುತ್ತಿನಂಥ ಅಕ್ಷರದಲ್ಲಿ ಅರ್ಜಿ ಬರೆದು, ನಕಲಿಗೆ ಮುದ್ರೆ ಹಾಕಿಸಿಕೊಂಡು ಬಂದಿದ್ದ. ಕೆರೆ ತುಂಬಿತು, ಪೈರು ಉಳಿಯಿತು. ಗಿಡ್ಡಯ್ಯನ ಹಸು ಹೋಯಿತು. ತಿರುಪತಯ್ಯ ಬೈಸಿಕೊಂಡೇ ಸತ್ತ. ಮೂವತ್ನಾಲ್ಕು ವರ್ಷ ಗಿಡ್ಡಯ್ಯನ ಮನೆಯ ಹಬ್ಬದೂಟ ಉಂಡು ಬಂದ ಜವರಪ್ಪ ಒಂದು ದಿನವೂ ಬಾಯಿ ಬಿಟ್ಟಿರಲಿಲ್ಲ. ಟ್ರಂಕಿನ ತಳದಲ್ಲಿದ್ದದ್ದು ಅದೇ ಕಾಗದ. ಕೆಳಗೆ 'ಜವರಪ್ಪ, ನೀರಗಂಟಿ' ಎಂಬ ಸಹಿ ಇದ್ದದ್ದರಿಂದ ತನ್ನ ಕೆಲಸಕ್ಕೂ ಅದೊಂದೇ ಸಾಕಿತ್ತು. ಅದನ್ನು ತೆಗೆಯಲಾರದೇ ಅವನು ಹಗೆಯ ಮನೆ ಮೆಟ್ಟಿಲು ಹತ್ತಿದ್ದು.

ಶುಕ್ರವಾರ ಬೆಳಿಗ್ಗೆ ಅವನು ಟ್ರಂಕು ತೆಗೆದ. ಪುಟ್ಟಗೌರಮ್ಮ ಒಗೆದ ಅಂಗಿ ಕೊಡುತ್ತಾ "ಇಬ್ಬರು ಹೋಗ್ತೀರ, ಒಬ್ರೇ ಬರ್ತೀರೇನೋ" ಎಂದಳು. ಅವಳ ದನಿ ಸಣ್ಣಗಿತ್ತು. ಜವರಪ್ಪ ಕಾಗದವನ್ನು ಜೇಬಿಗಿಟ್ಟು ಬಸ್ಸಿಗೆ ನಡೆದ. ದಾರಿಯುದ್ದಕ್ಕೂ ಗಿಡ್ಡಯ್ಯ ಪಕ್ಕದಲ್ಲೇ ಇದ್ದ, ಹೇಳಬೇಕೆಂದು ಜವರಪ್ಪ ನಾಲ್ಕು ಸಲ ಬಾಯಿ ತೆರೆದ. ನಾಲ್ಕು ಸಲವೂ ಗಿಡ್ಡಯ್ಯ "ನಿಮ್ ಹತ್ತು ಜನಕ್ಕಾಯ್ತಲ್ಲ, ಅಷ್ಟು ಸಾಕು ಬುಡು" ಎಂದು ಇವನಿಗೇ ಸಮಾಧಾನ ಹೇಳಿದ.

ಸಭೆಯಲ್ಲಿ ಹತ್ತು ಕಾಗದಗಳನ್ನು ನೋಡಿ ಮುಗಿಸುವ ಹೊತ್ತಿಗೆ ಹೇಮಲತಾ ಅವರ ತುಟಿಯಂಚಿನಲ್ಲಿ ನಗು ಬಂದಿತ್ತು. "ಇಷ್ಟು ಚೆನ್ನಾಗಿ ಬೈಸಿಕೊಂಡವರನ್ನ ನಾನು ಈವರೆಗೆ ನೋಡಿಲ್ಲ" ಎಂದರು. ಆಮೇಲೆ ಗಂಭೀರವಾದರು. "ಗಿಡ್ಡಯ್ಯ ಅವರದು ಏನೂ ಇಲ್ಲ. ಹತ್ತು ಜನರ ಪಟ್ಟಿ ಮುಚ್ಚಲೇ?"

"ಮುಚ್ಚಬ್ಯಾಡಿ" ಎಂದು ಜವರಪ್ಪ ಜೇಬಿನಿಂದ ಕಾಗದ ತೆಗೆದು ಮಡಿಕೆ ಬಿಡಿಸಿ ಮೇಜಿನ ಮೇಲಿಟ್ಟ. ಮಧುಕುಮಾರ್ ಓದತೊಡಗಿದ:

"ಮೇಲ್ಕಟ್ಟೆ ಗ್ರಾಮದ ನೀರಗಂಟಿ ಗಿಡ್ಡಯ್ಯ ಬಿನ್ ದ್ಯಾವಯ್ಯ ಎಂಬುವರು ಕೋಡಿಗೆ ಮಣ್ಣಿನ ಮೂಟೆಗಳನ್ನು ಅಡ್ಡ ಇಟ್ಟು..." ಓದುತ್ತಾ ಹೋಗಿ ಕೊನೆಗೆ "ಇಂತಿ ಅರ್ಜಿದಾರ, ಜವರಪ್ಪ, ನೀರಗಂಟಿ, ಸಂಪಿಗೆಕಟ್ಟೆ" ಎಂದ.

ಗಿಡ್ಡಯ್ಯ ಜವರಪ್ಪನ ಮುಖ ನೋಡಲಿಲ್ಲ. ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡು ಎದ್ದು ಬಾಗಿಲು ದಾಟಿ ಹೊರಟುಹೋದ.

"ಕಾಗದ ಸರಿಯಾಗಿದೆ. ಆದರೆ ಅವರೇ ಇಲ್ಲಿದ್ದು ಹೆಬ್ಬೆಟ್ಟು ಒತ್ತಬೇಕಲ್ಲ ಜವರಪ್ಪ" ಎಂದರು ಹೇಮಲತಾ. "ಹೋಗಿ ಕರಕೊಂಡು ಬನ್ನಿ. ಕಾಯ್ತೀನಿ."

ಗಿಡ್ಡಯ್ಯ ಕಾಂಪೌಂಡಿನ ಹೊಂಗೆ ಮರದ ಬುಡದಲ್ಲಿ ಕೂತಿದ್ದ. ಜವರಪ್ಪ ಎರಡು ಮಾರು ದೂರದಲ್ಲಿ ನಿಂತ. ಹತ್ತಿರ ಹೋಗುವ ಹಕ್ಕು ಉಳಿದಿದೆಯೋ ಇಲ್ಲವೋ ಅವನಿಗೆ ಗೊತ್ತಿರಲಿಲ್ಲ.

"ಆ ತಿರುಪತಯ್ಯನ ಮಣ್ಣಿಗೂ ನಾನು ಹೋಗ್ಲಿಲ್ವಲ್ಲೋ" ಎಂದ ಗಿಡ್ಡಯ್ಯ.

"ತಪ್ಪು ನಂದು. ಅವತ್ತೇ ಯೋಳ್ಬೇಕಿತ್ತು. ಎದೆ ಸಾಲ್ಲಿಲ್ಲ."

"ಅರ್ಜಿ ಬರೆದದ್ದು?"

ಇಲ್ಲಿ ಜವರಪ್ಪ ಒಂದು ಸುಳ್ಳು ಹೇಳಿದ್ದರೆ ಎಲ್ಲ ಸರಿಹೋಗುತ್ತಿತ್ತೇನೋ. "ಬರೆದದ್ದು ತಪ್ಪಲ್ಲ ಕಣ್ಲಾ" ಎಂದ. "ಇವತ್ತು ಮೂಟೆ ಇಟ್ರೂ ಬರೀತೀನಿ."

ಗಿಡ್ಡಯ್ಯ ತಲೆ ಎತ್ತಿ ಅವನನ್ನೇ ನೋಡಿದ. ಕಣ್ಣು ಒದ್ದೆಯಾಗಿತ್ತು, ಸಿಟ್ಟೂ ಇತ್ತು.

"ಬಿನ್ ದ್ಯಾವಯ್ಯ ಅಂತ ಬರ್ದಿದ್ದೀಯಾ?"

"ಊಂ."

"ನೀರಗಂಟಿ ಗಿಡ್ಡಯ್ಯ ಅಂತ?"

"ಊಂ ಕಣೋ. ಗಿಡ್ಡಯ್ಯ ಎಂಬುವರು ಅಂತ."

"ಎಂಬುವರು!" ಎಂದ ಗಿಡ್ಡಯ್ಯ. ಅದನ್ನು ಇನ್ನೊಮ್ಮೆ ಮೆಲ್ಲಗೆ ಹೇಳಿಕೊಂಡ. "ಅಷ್ಟು ವರ್ಸ ಊರಿಗೆಲ್ಲ ನೀರು ಬುಟ್ಟೆ, ಒಬ್ನೂ ನನ್ನ ಹೆಸ್ರು ಬರೀಲಿಲ್ಲ. ಸರ್ಕಾರದ ಕಾಗ್ದದಾಗೆ ನನ್ನೂ ಒಬ್ಬ ಮನುಸ ಅಂತ ಬರೆದೋನು ನೀನೊಬ್ನೇ, ಅದೂ ದೂರು ಕೊಡಾಕೆ!" ನೆಲಕ್ಕೆ ಕೈ ಊರಿ ಎದ್ದ. "ಹಸಿನ ಲೆಕ್ಕ ಬಾಕಿ ಐತೆ. ಊರಿಗ್ ಹೋದ್ಮೇಲೆ ನೋಡ್ಕತೀನಿ. ತಿರುಪತಯ್ಯನ ಮನೆಗೆ ಇಬ್ರೂ ಹೋಗಿ ಅವ್ನ ಹೆಂಡ್ರ ಮುಂದೆ ಯೋಳ್ಬೇಕು. ನಡಿ."

ಜವರಪ್ಪ ತಲೆಯಾಡಿಸಿದ. ಇಬ್ಬರೂ ಕಚೇರಿಯ ಮೆಟ್ಟಿಲು ಹತ್ತಿದರು.

ಒಳಗೆ ಹೇಮಲತಾ ಪಟ್ಟಿ ಹಿಡಿದು ಒಬ್ಬೊಬ್ಬರನ್ನೇ ಕೂಗುತ್ತಿದ್ದರು. ಜವರಪ್ಪ ಎಂದಾಗ ಅವನು ಬಾಗಿಲಿನಿಂದಲೇ "ಬಂದಿವ್ನಿ" ಎಂದು ಹೋಗಿ, ಪೆನ್ನು ತೆಗೆದುಕೊಂಡು ತನ್ನ ಹೆಸರನ್ನು ಪೂರ್ತಿಯಾಗಿ ಬರೆದ. ಬರೆಯುವಾಗ ಅಪ್ಪನ ನೆನಪಾಯಿತು. ಕೊನೆಯ ಹೆಸರು ಬಂತು.

"ಗಿಡ್ಡಯ್ಯ ಬಿನ್ ದ್ಯಾವಯ್ಯ, ನೀರಗಂಟಿ."

ಎಂದೂ ಜೋರಾಗಿ ಮಾತಾಡದ ಗಿಡ್ಡಯ್ಯ ಪಕ್ಕದ ಕೋಣೆಯವರೂ ತಿರುಗಿ ನೋಡುವಷ್ಟು ಜೋರಾಗಿ ಓಗೊಟ್ಟ.

"ಬಂದಿವ್ನಿ ಅಮ್ಮಾವ್ರೆ!"